ಹೊಸ್ತಿಲಲ್ಲಿ ನಿಂತ ಕಾಲು

"ಮಿದುಳಿನ ಕೆಮಿಕಲ್ ಅಳೆಯೋ ಟೆಸ್ಟ್ ಇದೆಯಂತೆ, ಮಾಡಿಸ್ಲಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಶಿರಸಿ ಹತ್ತಿರದ ತೋಟದ ಮನೆ. ಅಪ್ಪನಿಗೆ ಪಾರ್ಕಿನ್ಸನ್. ಮಗ ಬೆಂಗಳೂರಿನಲ್ಲಿ. ಮೊದಲ ಸಲ ಒಬ್ಬನೇ ಬಂದಿದ್ದ. "ಬಚ್ಚಲಿಗೆ ಹೋಗೋಕೆ ಕಾಲು ಏಳಲ್ಲ. ಆಟದ ಚಂಡೆ ಕೇಳಿದ್ರೆ ಎದ್ದು ನಡೀತಾರೆ. ನಾಟಕ ಅಲ್ವಾ ಇದು? ಡೋಪಮೈನ್ ಅಳೆದ್ರೆ ಗೊತ್ತಾಗತ್ತೆ." ಮೊಬೈಲಿನಲ್ಲಿ ಒಂದು ಗ್ರಾಫ್ ತೋರಿಸಿದ.

ಅದು ಎಂಆರ್ ಸ್ಪೆಕ್ಟ್ರೋಸ್ಕೋಪಿ, ಮಿದುಳಿನ ಕೆಲವು ರಾಸಾಯನಿಕಗಳನ್ನು ಗ್ರಾಫಿನಲ್ಲಿ ತೋರಿಸುವ ಪರೀಕ್ಷೆ. ಎಂಆರ್‌ಐ ಯಂತ್ರದಲ್ಲೇ ಮಾಡುತ್ತಾರೆ, ಸೂಜಿ ಚುಚ್ಚಬೇಕಿಲ್ಲ. ಗ್ರಾಫಿನಲ್ಲಿ ಎನ್‌ಎಎ ಎಂಬ ರಾಸಾಯನಿಕದ ಏರು ತಗ್ಗಿದ್ದರೆ ನರಕೋಶ ಸೊರಗಿವೆ ಎಂಬ ಸುಳಿವು. ಗಡ್ಡೆಯ ಅನುಮಾನ ಇದ್ದಾಗಲೂ ಡಾಕ್ಟರಿಗೆ ನೆರವಾಗುತ್ತದೆ. ಆದರೆ ದೇಹದ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಅದರಲ್ಲಿ ಕಾಣುವುದೇ ಇಲ್ಲ, ಅಷ್ಟು ಕಡಿಮೆ ಇರುತ್ತದೆ. ಡೋಪಮೈನ್ ನರಗಳನ್ನು ನೋಡುವ ಪೆಟ್, ಸ್ಪೆಕ್ಟ್ ಸ್ಕ್ಯಾನ್ ಬೇರೆ. ಅವಕ್ಕೆ ವಿಕಿರಣ ಸೂಸುವ ಔಷಧ ಚುಚ್ಚಬೇಕು. ಅಪ್ಪ ನಾಟಕ ಮಾಡುತ್ತಾರಾ ಅಂತ ಅವೂ ಹೇಳುವುದಿಲ್ಲ.

ಮುಂದಿನ ವಾರ ಅಪ್ಪ, ಅಮ್ಮ ಇಬ್ಬರನ್ನೂ ಕರೆಸಿದೆ. ಅಪ್ಪ ನನ್ನ ಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಕಾಲು ಅಂಟಿದಂತೆ. ಮೇಲಿನ ದೇಹ ಮಾತ್ರ ಮುಂದಕ್ಕೆ ಬಾಗುತ್ತಿತ್ತು. "ಬೇಗ ಬಾ ಅಪ್ಪಾ" ಅಂದ ಮಗ. ಹಣೆಯಲ್ಲಿ ಬೆವರು ಬಂತು, ಕಾಲು ಬರಲಿಲ್ಲ. ಅಮ್ಮ ಸುಮ್ನೆ ಬಾಗಿಲಿನ ಚೌಕಟ್ಟಿನ ಮೇಲೆ ಬೆರಳಲ್ಲಿ ತಾಳ ತಟ್ಟಿದರು. ಮೂರನೇ ಪೆಟ್ಟಿಗೆ ಅವರು ದಾಟಿ ಬಂದರು.

"ಮಳೆಗಾಲದಿಂದ ಬಚ್ಚಲಿಗೂ ಹೀಗೇ ಕರ್ಕೊಂಡು ಹೋಗೋದು" ಅಂದರು ಅಮ್ಮ. ಮಗನಿಗೆ ಇದು ಗೊತ್ತೇ ಇರಲಿಲ್ಲ.

ಪಾರ್ಕಿನ್ಸನ್‌ನಲ್ಲಿ ತಾನಾಗಿ ಏಳಬೇಕಾದ ಹೆಜ್ಜೆ ಸಿಕ್ಕಿಕೊಳ್ಳುತ್ತದೆ. ಹೊರಗಿನ ತಾಳ ಅಥವಾ ನೆಲದ ಮೇಲಿನ ಗೆರೆ ಅದನ್ನು ಎಬ್ಬಿಸಬಲ್ಲದು. ಅವಸರ ಮಾಡಿಸಿದರೆ ಇನ್ನೂ ಜಾಸ್ತಿ ಸಿಕ್ಕಿಕೊಳ್ಳುತ್ತದೆ. ಹೊಸ್ತಿಲ ಮುಂದೆ ಬಣ್ಣದ ಟೇಪು ಅಂಟಿಸಲು ಹೇಳಿದೆ. ಮಾತ್ರೆ, ಊಟ, ಕಾಲು ನಿಂತ ಹೊತ್ತು ಮೂರನ್ನೂ ಎರಡು ವಾರ ಬರೆದು ನರರೋಗ ತಜ್ಞರಿಗೆ ತೋರಿಸಿ ಅಂದೆ. ಬೇಳೆ, ಮೊಸರು ಜಾಸ್ತಿ ಇರುವ ಊಟದ ಜೊತೆ ಪಾರ್ಕಿನ್ಸನ್ ಮಾತ್ರೆ ಲೆವೊಡೋಪ ಸರಿಯಾಗಿ ಹತ್ತದೇ ಇರಬಹುದು.

ಟೆಸ್ಟ್ ಬೇಡ ಅನ್ನೋಕೆ ನೀವ್ಯಾರು ಅಂತ ಪರಿಚಯದ ಡಾಕ್ಟರೊಬ್ಬರು ಬೈದರು. ನಾನು ಬೇಡ ಅಂದದ್ದು "ನಾಟಕ ಅಲ್ವಾ" ಎಂಬ ಆ ಪ್ರಶ್ನೆಯನ್ನು. ಸುಳ್ಳು ಹಿಡಿಯೋಕೆ ಅಂತ ಸ್ಕ್ಯಾನ್ ಮಾಡಿಸಿದರೆ, ಗ್ರಾಫ್ ಹೇಗೇ ಬರಲಿ, ಅಪ್ಪ ಸೋತಂತೆಯೇ.

ಹೊರಡುವಾಗ ಮತ್ತೆ ಹೊಸ್ತಿಲಲ್ಲಿ ನಿಂತರು. ಈ ಸಲ ಮಗನೇ ತಟ್ಟಿದ. ಅಪ್ಪ ಕದಲಲಿಲ್ಲ. ತಿರುಗಿ ನೋಡಿ ಅಂದರು: "ತಾಳ ತಪ್ತಾ ಇದೆ, ಮತ್ತೆ ಹಾಕು."