ಬ್ಯಾಟರಿ ಶೆಡ್ಡೋ, ಅಪ್ಪನ ಕೂಗಾಟವೋ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಐದು ವರ್ಷ. ನಮ್ಮದು ಹಳೇ ಬಾಡಿಗೆ ಮನೆ. ಕಿಟಕಿ ಸರಳಿನ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತೆ, ಇವನು ಅದನ್ನು ಉಗುರಲ್ಲಿ ಕೆರೆದು ಬಾಯಿಗೆ ಹಾಕ್ಕೋತಾನೆ. ಪಕ್ಕದ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ಶಾಲೆಯಲ್ಲಿ ಮಿಸ್ಸು, ‘ಕೂತ ಕಡೆ ಒಂದು ನಿಮಿಷ ಕೂರಲ್ಲ’ ಅಂತಾರೆ. ಹೋದ ವರ್ಷ ನನ್ನ ಕೆಲಸ ಹೋಯಿತು. ಸಾಲ ಇದೆ, ಮನೆಯಲ್ಲಿ ಜಗಳ ಜಾಸ್ತಿ. ಎರಡು ಸಲ ಮಗುವಿಗೆ ಹೊಡೆದೂ ಬಿಟ್ಟೆ. ಹೆಂಡತಿ ‘ನಿಮ್ಮ ಕೂಗಾಟಕ್ಕೇ ಮಗು ಹೀಗಾಗಿದ್ದು’ ಅಂತಾಳೆ. ನಾನು ಆ ಶೆಡ್ಡೇ ಕಾರಣ ಅಂತೀನಿ. ಯಾರು ಸರಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಹೊಡೆದದ್ದನ್ನೂ ಮುಚ್ಚಿಡದೆ ಬರೆದಿದ್ದೀರಿ, ಹಾಗಾಗಿ ನಾನೂ ನೇರವಾಗಿಯೇ ಹೇಳುತ್ತೇನೆ. ಇಬ್ಬರೂ ಸರಿ ಇರಬಹುದು. ಐದು ವರ್ಷದ ಗಂಡುಮಗು ಕೂತಲ್ಲಿ ಕೂರದಿರುವುದೇನೂ ಹೊಸದಲ್ಲ. ಆದರೆ ಬಣ್ಣದ ಚಕ್ಕೆ ಮತ್ತು ಸೀಸ ಕರಗಿಸುವ ಶೆಡ್ಡು, ಇವೆರಡನ್ನೂ ಒಂದೇ ಪತ್ರದಲ್ಲಿ ಓದಿದ ಮೇಲೆ ಸುಮ್ನೆ ಇರುವ ಹಾಗಿಲ್ಲ. ಈ ವಾರವೇ ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ರಕ್ತನಾಳದಿಂದಲೇ ರಕ್ತ ತೆಗೆಯಲಿ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೇ ಲೆಕ್ಕ ಕೆಡಿಸುತ್ತದೆ. 100 ಮಿಲಿ ರಕ್ತಕ್ಕೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದರ ಒಳಗೆ ಬಂದರೆ ಏನೂ ಆಗಲ್ಲ ಅಂತ ಅರ್ಥವಲ್ಲ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಗೆರೆಯನ್ನು ಯಾರೂ ಎಳೆದಿಲ್ಲ.

ಸೀಸದ ಕೆಲಸ ಹೇಗೆ ಗೊತ್ತಾ? ಅದು ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಒಳಗೆ ನುಗ್ಗುತ್ತದೆ. ಮೆದುಳಿನ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕ್ಯಾಲ್ಸಿಯಂ ಬೇಕು. ಆ ಜಾಗದಲ್ಲಿ ಸೀಸ ಬಂದು ಕೂತರೆ ಸುದ್ದಿ ಅರ್ಧಕ್ಕೇ ನಿಲ್ಲುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟೂ ಸೇರಬಹುದು. ಕಬ್ಬಿಣದಂಶ ಕಡಿಮೆ ಇರುವ ಮಗುವಾದರೆ ಇನ್ನೂ ಜಾಸ್ತಿ. ಮಣ್ಣು, ಬಳಪ, ಬಣ್ಣದ ಚಕ್ಕೆ ತಿನ್ನುವ ಮಕ್ಕಳಲ್ಲಿ ಬಹಳ ಸಲ ರಕ್ತಹೀನತೆಯೂ ಇರುತ್ತದೆ, ಅದನ್ನೂ ಜೊತೆಗೇ ನೋಡಿಸಿ.

ಮಿಸ್ಸಿನ ಮಾತನ್ನು ತಳ್ಳಿಹಾಕಬೇಡಿ. ಮಕ್ಕಳ ಬಿದ್ದ ಹಾಲುಹಲ್ಲನ್ನು ನಾವು ಸೂರಿನ ಮೇಲೆ ಎಸೆಯುತ್ತೇವೆ ಅಲ್ವಾ? ಅಮೆರಿಕದ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಶಾಲಾ ಮಕ್ಕಳ ಅಂಥ ಹಲ್ಲುಗಳನ್ನೇ ಕೇಳಿ ತರಿಸಿಕೊಂಡು, ಅವುಗಳಲ್ಲಿ ಸೀಸ ಎಷ್ಟಿದೆ ಅಂತ ಅಳೆದರು. 1979ರಲ್ಲಿ ಅವರು ಪ್ರಕಟಿಸಿದ ವರದಿ ಪ್ರಕಾರ, ಹಲ್ಲಿನಲ್ಲಿ ಸೀಸ ಜಾಸ್ತಿ ಇದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದಿದ್ದರು. ಯಾವ ಮಗುವಿನ ಹಲ್ಲಲ್ಲಿ ಎಷ್ಟು ಸೀಸ ಅಂತ ಟೀಚರುಗಳಿಗೆ ಗೊತ್ತೇ ಇರಲಿಲ್ಲ. ಆದರೂ ‘ಗಮನ ಇರಲ್ಲ, ಚಂಚಲ’ ಎಂದು ಅವರು ಹೆಚ್ಚಾಗಿ ಬೆರಳು ಮಾಡಿದ್ದು ಆ ಮಕ್ಕಳ ಕಡೆಗೇ.

ನಮ್ಮೂರಿನ ಕಥೆಯೂ ಬೇರೆಯಲ್ಲ. ಪೆಟ್ರೋಲಿಗೆ ಸೀಸ ಬೆರೆಸುವುದು ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ಅದಕ್ಕೆ ಮುಂಚೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಮತ್ತು ಅವರ ಜೊತೆಯವರು ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. ಪೆಟ್ರೋಲ್ ಬಂಕಿನ ವಾಸನೆ ಚೆನ್ನಾಗಿದೆ ಅಂತ ಮೂಗರಳಿಸಿದ ತಲೆಮಾರು ನಮ್ಮದು, ಬಿಡಿ.

ಈಗ ನಿಮ್ಮ ಹೆಂಡತಿಯ ಮಾತು. ಭಯವಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಪರೀಕ್ಷೆಯ ಭಯ, ಬಿದ್ದು ಮಂಡಿ ತರಚಿದ ಭಯ, ಇವುಗಳಿಂದ ಏನೂ ಆಗುವುದಿಲ್ಲ. ದಿನಾ ಸಂಜೆ ಕೂಗಾಟ ಇದ್ದು, ಯಾವಾಗ ಏಟು ಬೀಳುತ್ತದೋ ಗೊತ್ತಿಲ್ಲದ ಮನೆಯಲ್ಲಿ ಮಾತ್ರ ಅದು ಸರಿಯಾಗಿ ಇಳಿಯುವುದೇ ಇಲ್ಲ. ನೆನಪಿಗೆ, ಗಮನಕ್ಕೆ ಬೇಕಾದ ಮೆದುಳಿನ ಭಾಗಗಳಿಗೆ ಅದರಿಂದ ಪೆಟ್ಟು. ಅಪ್ಪನ ಬೈಕಿನ ಸದ್ದಿಗೇ ಕಿವಿ ನೆಟ್ಟಗೆ ಮಾಡಿ ಕೂರುವ ಮಗು ಅಆಇಈ ಮೇಲೆ ಎಲ್ಲಿಂದ ಗಮನ ಇಟ್ಟೀತು?

ಎರಡೂ ಸೇರಿದರೆ ಇನ್ನೂ ಕಷ್ಟ. ಅಮೆರಿಕದ ರಾಚೆಸ್ಟರ್‌ನಲ್ಲಿ ಡೆಬೊರಾ ಕೋರಿ-ಸ್ಲೆಕ್ಟಾ ಎಂಬ ವಿಜ್ಞಾನಿ ಇಲಿಗಳ ಮೇಲೆ ಇದನ್ನೇ ನೋಡಿದರು. ತಾಯಿ ಇಲಿಗೆ ಸೀಸ ಕೊಟ್ಟರು, ಬಸಿರಿನಲ್ಲಿ ಒತ್ತಡವನ್ನೂ ಕೊಟ್ಟರು. ಸೀಸ ಮಾತ್ರ ಅಥವಾ ಒತ್ತಡ ಮಾತ್ರ ಇದ್ದಾಗ ಕಾಣದ ಕೆಲವು ತೊಂದರೆಗಳು ಎರಡೂ ಸೇರಿದಾಗ ಮರಿಗಳಲ್ಲಿ ಕಂಡವು. ಸೀಸವೂ ಒತ್ತಡದ ಹಾರ್ಮೋನುಗಳ ಹದ ಕೆಡಿಸುತ್ತದೆ, ಹಾಗಾಗಿ ಎರಡಕ್ಕೂ ದಾರಿ ಒಂದೇ. ಕಡಿಮೆ ಬಾಡಿಗೆ ಅಂತ ಬ್ಯಾಟರಿ ಶೆಡ್ಡಿನ ಪಕ್ಕ ಮನೆ ಹಿಡಿಯುವವರೂ, ಸಾಲದಲ್ಲಿ ನಿದ್ದೆಗೆಟ್ಟವರೂ ಒಬ್ಬರೇ ಆಗಿರುವುದು ನೋಡಿದರೆ ನನಗಂತೂ ಸಿಟ್ಟು ಬರುತ್ತದೆ.

ಸಮಾಧಾನದ ಒಂದು ಸಂಗತಿಯೂ ಇದೆ. 2003ರಲ್ಲಿ ತೋಮಸ್ ಗಿಲಾರ್ಟೆ ಎಂಬುವವರ ತಂಡ, ಸೀಸ ತಿಂದ ಮರಿ ಇಲಿಗಳನ್ನು ಆಟದ ಸಾಮಾನು, ಜೊತೆಗಾರರು ಇರುವ ದೊಡ್ಡ ಪಂಜರಕ್ಕೆ ಹಾಕಿ ನೋಡಿತು. ಕಲಿಕೆಯಲ್ಲಿ ಹಿಂದೆ ಬಿದ್ದಿದ್ದವು ಸುಧಾರಿಸಿಕೊಂಡವು. ಇಲಿ ಇಲಿಯೇ, ಮಗು ಮಗುವೇ, ಒಪ್ಪುತ್ತೇನೆ. ಆದರೂ ಇದಕ್ಕೆ ಖರ್ಚೇನೂ ಇಲ್ಲವಲ್ಲ: ಆಟ, ಕಥೆ, ಜೊತೆಗೆ ಕೂತು ಊಟ.

ಇವತ್ತಿನಿಂದ ಮಾಡಬೇಕಾದ್ದು ಹೇಳುತ್ತೇನೆ. ಪೊರಕೆಯಲ್ಲಿ ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ನೆಲ ಮತ್ತು ಕಿಟಕಿ ಕಟ್ಟೆ ಒರೆಸಿ. ಗೋಡೆಯ ಸುಣ್ಣಕ್ಕಿಂತ ಸರಳು, ಬಾಗಿಲಿಗೆ ಹಚ್ಚಿದ ಹಳೇ ಎನಾಮಲ್ ಪೇಂಟ್ ಮೇಲೆ ನನಗೆ ಅನುಮಾನ, ಅದರಲ್ಲೂ ಹಳದಿ, ಕೆಂಪು, ಹಸಿರು. ನೀವೇ ಕೆರೆಯಲು ಹೋಗಬೇಡಿ, ಸದ್ಯಕ್ಕೆ ದಪ್ಪ ಟೇಪ್ ಸುತ್ತಿ. ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಸಿ. ರಾಗಿ, ಹಾಲು, ಸೊಪ್ಪು ಜಾಸ್ತಿ ಕೊಡಿ, ಕ್ಯಾಲ್ಸಿಯಂ ಮತ್ತು ಕಬ್ಬಿಣ ಸಾಕಷ್ಟಿದ್ದರೆ ಸೀಸಕ್ಕೆ ಒಳಗೆ ಜಾಗ ಕಡಿಮೆ. ಹಳೇ ಬ್ಯಾಟರಿಯಿಂದ ಸೀಸ ತೆಗೆಯುವುದು ನೋಂದಾಯಿತ ಘಟಕಗಳ ಕೆಲಸ, 2022ರ ನಿಯಮ ಹಾಗೆ ಹೇಳುತ್ತದೆ. ಅಕ್ಕಪಕ್ಕದವರ ಸಹಿ ಹಾಕಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ, ಒಬ್ಬರೇ ಹೋಗಿ ಜಗಳ ಕಾಯಬೇಡಿ. ಇನ್ನು ನಿಮ್ಮ ಸಿಟ್ಟು. ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಹೊಡೆದದ್ದಕ್ಕೆ ‘ತಪ್ಪಾಯ್ತು ಕಂದಾ’ ಅನ್ನಿ, ಐದು ವರ್ಷದವರಿಗೂ ಅದು ಅರ್ಥವಾಗುತ್ತದೆ.

ಪ್ರಶ್ನೆ: ನನಗೆ ಆರು ತಿಂಗಳು ತುಂಬಿದೆ ಮೇಡಂ. ಆಫೀಸಿನಲ್ಲಿ ಟೆನ್ಷನ್. ಅತ್ತೆ ‘ಟೆನ್ಷನ್ ಮಾಡ್ಕೊಂಡ್ರೆ ಮಗು ಬುದ್ಧಿಗೆ ತೊಂದರೆ ಆಗುತ್ತೆ’ ಅಂತ ದಿನಾ ಹೇಳ್ತಾರೆ. ಈಗ ಟೆನ್ಷನ್ ಆಗ್ತಿದೆಯಲ್ಲಾ ಅಂತಲೇ ಟೆನ್ಷನ್. ಮುಂದಿನ ತಿಂಗಳು ಸೀಮಂತ, ಅಮ್ಮನ ಮನೆಯಲ್ಲಿ ಬಣ್ಣ ಹೊಡೆಸ್ತಿದ್ದಾರೆ.
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನೋಡಮ್ಮಾ, ಆಫೀಸಿನ ಟೆನ್ಷನ್ ಎಲ್ಲಾ ನೇರವಾಗಿ ಮಗುವಿಗೆ ಇಳಿಯುವುದಿಲ್ಲ. ತಾಯಿಯ ಕಾರ್ಟಿಸಾಲ್‌ನಲ್ಲಿ ಬಹುಪಾಲನ್ನು ಮಾಸು ತಡೆದು, ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹಿಮಗಟ್ಟಿದ ಮಳೆ ಬಿದ್ದು ಕರೆಂಟ್ ಹೋಯಿತು, ಕೆಲವು ಮನೆಗಳಿಗೆ ವಾರಗಟ್ಟಲೆ ಬರಲೇ ಇಲ್ಲ. ಆಗ ಬಸುರಿಯಾಗಿದ್ದವರ ಮಕ್ಕಳನ್ನು ಸುಝಾನ್ ಕಿಂಗ್ ಮತ್ತು ತಂಡದವರು ವರ್ಷಗಟ್ಟಲೆ ಗಮನಿಸಿದರು. ಮಕ್ಕಳ ಮಾತು, ಬುದ್ಧಿ ಬೆಳವಣಿಗೆಗೆ ಜಾಸ್ತಿ ನಂಟು ಕಂಡದ್ದು ತಾಯಿ ಅನುಭವಿಸಿದ ನಿಜವಾದ ಕಷ್ಟದ ಜೊತೆಗೆ, ಆಕೆ ಎಷ್ಟು ಗಾಬರಿಪಟ್ಟಳು ಅನ್ನುವುದರ ಜೊತೆಗಲ್ಲ. ಅತ್ತೆಯವರಿಗೆ ಇದನ್ನು ಓದಿ ಹೇಳಿ, ಜೊತೆಗೆ ಅಡುಗೆಮನೆಯಲ್ಲಿ ಒಂದು ಕೈ ಹಾಕಲಿಕ್ಕೂ ಹೇಳಿ, ಅದು ಉಪದೇಶಕ್ಕಿಂತ ಉಪಯೋಗ. ನಿದ್ದೆ ಬಾರದೆ, ಅಳು ನಿಲ್ಲದೆ ಎರಡು ವಾರ ಕಳೆದರೆ ಮಾತ್ರ ನಿಮ್ಮ ಡಾಕ್ಟರಿಗೆ ಹೇಳಲೇಬೇಕು.

ನನಗೆ ಯೋಚನೆ ಬಂದದ್ದು ಆ ಬಣ್ಣದ ಮಾತಿಗೆ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹೊಸದನ್ನು ಡಬ್ಬಿ ನೋಡಿ ಕೊಳ್ಳಬಹುದು, ಅಪಾಯ ಇರುವುದು ಉಪ್ಪುಕಾಗದ ಹಾಕಿ ಉಜ್ಜುವ ಹಳೇ ಪದರಗಳಲ್ಲಿ. ಸೀಸ ಮಾಸನ್ನು ಸುಲಭವಾಗಿ ದಾಟುತ್ತದೆ. ಉಜ್ಜುವುದೆಲ್ಲ ಮುಗಿದು, ಮನೆ ಒದ್ದೆ ಬಟ್ಟೆಯಲ್ಲಿ ಒರೆಸಿಯಾದ ಮೇಲೆ ತವರಿಗೆ ಹೋಗಿ. ಸೀಮಂತ ಬೇಕಿದ್ದರೆ ಒಂದು ವಾರ ಮುಂದಕ್ಕೆ ಹೋಗಲಿ.

ಪ್ರಶ್ನೆ: ‘ಮಕ್ಕಳ ಮೆದುಳಿನ ವಿಷ ತೆಗೆಯುವ ಪುಡಿ’ ಅಂತ ಮೊಬೈಲಿನಲ್ಲಿ ಜಾಹೀರಾತು ಬರ್ತಿದೆ. ಕೊಡಬಹುದಾ?
– ಹಾವೇರಿಯ ತಾಯಿ

ಉತ್ತರ: ಬೇಡ. ಸೀಸ ಹೊರಗೆ ಎಳೆಯುವ ಔಷಧ ಇದೆ, ಸಾಮಾನ್ಯವಾಗಿ 100 ಮಿಲಿ ರಕ್ತದಲ್ಲಿ ಸೀಸ 45 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರುವ ಮಕ್ಕಳಿಗೆ, ಅದೂ ತಜ್ಞರ ಕಣ್ಣೆದುರು ಕೊಡುವಂಥದ್ದು. ಅದಕ್ಕಿಂತ ಕಡಿಮೆ ಇದ್ದ ಮಕ್ಕಳಿಗೆ ಕೊಟ್ಟು ನೋಡಿದಾಗ ರಕ್ತದ ಸೀಸ ಇಳಿಯಿತು, ಬುದ್ಧಿಯ ಪರೀಕ್ಷೆಯಲ್ಲಿ ಅಂಕ ಮಾತ್ರ ಏರಲಿಲ್ಲ ಅಂತ 2001ರಲ್ಲೇ ಅಮೆರಿಕದಲ್ಲಿ ಗೊತ್ತಾಗಿದೆ. ಇನ್ನು ಹೆಸರಿಲ್ಲದ ಪುಡಿಗಳಲ್ಲಿ ಭಸ್ಮ ಏನಾದರೂ ಸೇರಿದ್ದರೆ? ನಾಗಭಸ್ಮ ಅಂದರೆ ಸೀಸದ್ದೇ ಭಸ್ಮ. ಪುಡಿ ಆಗಲೇ ಕೊಟ್ಟಾಗಿದ್ದರೆ ನಿಲ್ಲಿಸಿ, ಉಳಿದದ್ದನ್ನು ಎಸೆಯಬೇಡಿ, ಡಬ್ಬಿ ಸಮೇತ ಮಕ್ಕಳ ಡಾಕ್ಟರಿಗೆ ತೋರಿಸಿ.