ಶನಿ ಅಲ್ಲ ಅಂದ್ರೆ ತಪ್ಪು ನಂದೇ ಅಲ್ವಾ?

ಜಾತಕ ಹಿಡಿದು ಆಪ್ತಸಲಹೆಗೆ ಬರುವವರು ಈಗೀಗ ಜಾಸ್ತಿ. ಮೊದಲು ಹಾಳೆಯಲ್ಲಿ ಬರೆಸಿದ ಕುಂಡಲಿ ತರುತ್ತಿದ್ದರು. ಈಗ ಫೋನ್ ತೆಗೆದು ಆ್ಯಪ್ ತೋರಿಸುತ್ತಾರೆ. ಮಾತು ಮಾತ್ರ ಅದೇ. "ಲಗ್ನದಲ್ಲಿ ಕುಜ, ನನ್ನ ಕೋಪ ನನ್ನ ಕೈಲಿಲ್ಲ." "ಹನ್ನೆರಡರಲ್ಲಿ ಶುಕ್ರ, ನನಗೆ ಯಾರೂ ದಕ್ಕಲ್ಲ." "ಅಷ್ಟಮದಲ್ಲಿ ಚಂದ್ರ, ನನ್ನ ಮನಸ್ಸು ಇರೋದೇ ಹೀಗೆ." ಇವರಿಗೆ ನಾನು "ಇದೆಲ್ಲ ಸುಳ್ಳು" ಎಂದು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂದು ನನ್ನ ವೃತ್ತಿಯವರೇ ಕೇಳಿದ್ದಾರೆ, ಸ್ವಲ್ಪ ಖಾರವಾಗಿಯೇ. ಅವರಿಗಾಗಿ ಈ ಪ್ರಕರಣ.

ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಕೆಲಸ, ಸಂಸಾರದ ವಿವರ ಬಿಟ್ಟಿದ್ದೇನೆ. ವಯಸ್ಸು ನಲವತ್ತು ದಾಟಿದೆ, ಅಷ್ಟು ಗೊತ್ತಿದ್ದರೆ ಸಾಕು. ಗ್ರಹಗಳ ಜಾಗ ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಅವರ ವಾರಿಗೆಯ ಎಷ್ಟೋ ಜನರ ಜಾತಕದಲ್ಲಿ ಅದು ಹಾಗೇ ಇರುತ್ತದೆ. ಅದರಿಂದ ಯಾರ ಗುರುತೂ ಸಿಗುವುದಿಲ್ಲ.

ಕಟಕ ಲಗ್ನ. ನಾಲ್ಕನೇ ಮನೆ ತುಲಾದಲ್ಲಿ ಶನಿ. ಎಂಟನೇ ಮನೆ ಕುಂಭದಲ್ಲಿ ಚಂದ್ರ. ನಾಲ್ಕನೆಯದು ತಾಯಿಯ ಮನೆ, ಸುಖದ ಮನೆಯೂ ಹೌದು. ಎಂಟನೆಯದು ಆಯುಷ್ಯ, ಗಂಡಾಂತರ, ಮುಚ್ಚಿಟ್ಟ ಸಂಗತಿಗಳದ್ದು. ಚಂದ್ರ ಮನಸ್ಸಿಗೆ ಕಾರಕ. ಕಟಕ ಲಗ್ನದವರಿಗೆ ಲಗ್ನದ ಒಡೆಯನೂ ಅವನೇ. ಅಂಥವನು ಎಂಟರಲ್ಲಿ, ಅದೂ ಶನಿಯ ರಾಶಿಯಲ್ಲಿ ಕೂತಿದ್ದಾನೆ. ಸಾಲದ್ದಕ್ಕೆ ಕುಂಭ ರಾಶಿಯವರಿಗೆ 2020ರಿಂದ ಸಾಡೆಸಾತಿ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. ಹುಟ್ಟಿದಾಗ ಚಂದ್ರ ಇದ್ದ ರಾಶಿಯೇ ಜನ್ಮರಾಶಿ. ಅದರ ಹಿಂದಿನದು, ಜನ್ಮರಾಶಿ, ಮುಂದಿನದು, ಈ ಮೂರನ್ನೂ ದಾಟಲು ಏಳೂವರೆ ವರ್ಷ. 2025ರ ಮಾರ್ಚ್‌ನಲ್ಲಿ ಶನಿ ಕುಂಭ ಬಿಟ್ಟು ಮೀನಕ್ಕೆ ಹೋದ ಮೇಲೆ ಅವರ ಕೊನೆಯ ಘಟ್ಟ ಶುರುವಾಗಿತ್ತು. ಅದು ಮುಗಿಯುವುದನ್ನೇ ಕಾಯುತ್ತಿದ್ದರು.

ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಊಟ ರುಚಿಸುತ್ತಿರಲಿಲ್ಲ. ಮನೆಯವರ ಮೇಲೆ ಸುಮ್ನೆ ರೇಗುವುದು, ಆಮೇಲೆ ಗಂಟೆಗಟ್ಟಲೆ ಮಂಕಾಗಿ ಕೂರುವುದು. ಬಂದಿದ್ದ ಒಳ್ಳೆಯ ಹುದ್ದೆಯನ್ನು ಮುಂದೂಡಿದ್ದರು. ವೈದ್ಯರ ಹತ್ತಿರ ಹೋಗುವುದನ್ನೂ ಮುಂದೂಡಿದ್ದರು. ಎಲ್ಲದಕ್ಕೂ ಒಂದೇ ಮಾತು: "ಶನಿ ಹೋಗಲಿ, ನೋಡೋಣ."

ತಾಯಿ ಹೋಗಿ ವರ್ಷವಾಗಿತ್ತು. ಅದನ್ನು ಮೊದಲ ಭೇಟಿಯಲ್ಲೇ ಹೇಳಿದ್ದರು. ಆದರೆ ಹೇಳಿದ ರೀತಿ ಹೇಗಿತ್ತೆಂದರೆ, ಅದೂ ಶನಿ ಮಾಡಿದ ಕೆಲಸಗಳಲ್ಲಿ ಒಂದು, ಅಷ್ಟೇ.

ನಾನು ಮೊದಲು ಕೊಟ್ಟ ಕೆಲಸ ಸಣ್ಣದು. ಆ್ಯಪ್‌ನಲ್ಲಿ ಚಂದ್ರಾಷ್ಟಮದ ಎಚ್ಚರಿಕೆ ಬಂದ ದಿನ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಜನ್ಮರಾಶಿಯಿಂದ ಎಂಟನೇ ರಾಶಿಯಲ್ಲಿ ಚಂದ್ರ ಇರುವ ದಿನಗಳು ಅವು. ಚಂದ್ರ ಸುಮಾರು 27 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ. ಒಂದೊಂದು ರಾಶಿಯಲ್ಲಿ ಎರಡೂಕಾಲು ದಿನ. "ಎಚ್ಚರಿಕೆ ನೋಡಬೇಡಿ. ರಾತ್ರಿ ಮಲಗುವ ಮುಂಚೆ ಆವತ್ತಿನ ಮನಸ್ಸಿಗೆ ಹತ್ತಕ್ಕೆ ಒಂದು ಅಂಕ ಕೊಡಿ. ಹಿಂದಿನ ರಾತ್ರಿ ಎಷ್ಟು ಮಲಗಿದಿರಿ, ಹಗಲಲ್ಲಿ ಏನಾಯ್ತು, ಅದನ್ನೂ ಒಂದು ಸಾಲು ಬರೆಯಿರಿ. ಚಂದ್ರ ಎರಡು ಸುತ್ತು ಮುಗಿಸಲಿ. ಆಮೇಲೆ ಪಂಚಾಂಗ ತೆಗೆಯೋಣ" ಎಂದೆ.

ಪಂಚಾಂಗ ತೆಗೆದಾಗ ಚಂದ್ರಾಷ್ಟಮದ ದಿನಗಳಲ್ಲಿ ಒಂದು ಕೆಟ್ಟದಾಗಿಯೇ ಇತ್ತು. ಅವರು ಬೆರಳಿಟ್ಟು ತೋರಿಸಿದರು. ನಾನು ಜಗಳಕ್ಕೆ ಹೋಗಲಿಲ್ಲ. ಹನ್ನೆರಡರಲ್ಲಿ ಒಂದು ಪಾಲು ದಿನ ಚಂದ್ರಾಷ್ಟಮ ಎಂದ ಮೇಲೆ, ಕೆಟ್ಟ ದಿನಗಳಲ್ಲಿ ಕೆಲವು ಅಲ್ಲಿ ಬೀಳುವುದು ಸಹಜ. ಉಳಿದವು ಮಾತ್ರ ನಿದ್ದೆಗೆಟ್ಟ ರಾತ್ರಿಗಳ ಮರುದಿನ ಬಿದ್ದಿದ್ದವು. ಇನ್ನೂ ಕೆಲವು ತಾಯಿಯ ಯಾವುದೋ ನೆನಪು ಬಂದ ದಿನ. ಇದನ್ನು ಅವರೇ ನೋಡಿದರು. ನೋಡಿ ಡೈರಿ ಮುಚ್ಚಿಟ್ಟರು. ಸಮಾಧಾನ ಆಗಲಿಲ್ಲ, ಇನ್ನೂ ಬಿಗಿಯಾದರು. ಯಾಕೆ ಎಂದು ಮುಂದಿನ ಭೇಟಿಯಲ್ಲಿ ಗೊತ್ತಾಯಿತು.

ಆವತ್ತು ಸಿಟ್ಟಿನಲ್ಲೇ ಬಂದರು. ಬೇರೊಬ್ಬ ಜ್ಯೋತಿಷಿಗೆ ಜಾತಕ ತೋರಿಸಿದ್ದರಂತೆ. ಮೊದಲಿನವರು "ನಾಲ್ಕರಲ್ಲಿ ಶನಿ, ತಾಯಿಗೆ ಕಂಟಕ, ಮನಸ್ಸಿಗೆ ಸುಖವಿಲ್ಲ" ಎಂದಿದ್ದರು. ಈ ಎರಡನೆಯವರು ಹೇಳಿದ್ದು ಪೂರ್ತಿ ಉಲ್ಟಾ. ತುಲಾದಲ್ಲಿ ಶನಿ ಉಚ್ಚ, ಅಂದರೆ ಪೂರ್ಣ ಬಲದಲ್ಲಿರುತ್ತಾನೆ. ಉಚ್ಚನಾಗಿ ಕೇಂದ್ರದಲ್ಲಿ (ಒಂದು, ನಾಲ್ಕು, ಏಳು, ಹತ್ತನೇ ಮನೆಗಳಲ್ಲಿ) ಕೂತರೆ ಶಶ ಯೋಗ, ಪಂಚ ಮಹಾಪುರುಷ ಯೋಗಗಳಲ್ಲಿ ಒಂದು. ತಾಳ್ಮೆ, ಜವಾಬ್ದಾರಿ ಎಲ್ಲ ಕೊಡುತ್ತಾನೆ, ಹೆದರಬೇಡಿ ಎಂದಿದ್ದರು.

"ಒಳ್ಳೆಯದಾಯ್ತಲ್ಲ?" ಎಂದೆ.

"ಅವರಿಗೆ ನೋಡೋಕೆ ಬರಲ್ಲ ಅನ್ಸುತ್ತೆ."

"ಶನಿ ಅದೇ, ಮನೆಯೂ ಅದೇ. ಒಬ್ಬರು ಕಂಟಕ ಅಂದರು, ಒಬ್ಬರು ಯೋಗ ಅಂದರು. ನೀವು ಕಂಟಕವನ್ನೇ ಯಾಕೆ ಹಿಡ್ಕೊಂಡ್ರಿ?"

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಬಂದ ಮಾತು ಇದು: "ಶನಿ ಅಲ್ಲ ಅಂದ್ರೆ ತಪ್ಪು ನಂದೇ ಅಲ್ವಾ?"

ಆಗ ಪೂರ್ತಿ ಕಥೆ ಹೊರಗೆ ಬಂತು. ತಾಯಿ ಕೆಲವು ದಿನಗಳಿಂದ ಸುಸ್ತು ಎನ್ನುತ್ತಿದ್ದರು. ಬೆನ್ನು ನೋವು, ವಾಕರಿಕೆ. ಫೋನಿನಲ್ಲಿ ಇವರು "ಗ್ಯಾಸ್ ಇರಬೇಕು, ಮಾತ್ರೆ ತಗೋ" ಎಂದಿದ್ದರು. "ಒಂದ್ಸಲ ಬಂದು ಹೋಗು" ಎಂದು ತಾಯಿ ಕೇಳಿದ್ದಕ್ಕೆ "ಮುಂದಿನ ವಾರ" ಎಂದಿದ್ದರು. ಆ ವಾರ ಬರುವ ಮುಂಚೆ ಹೃದಯಾಘಾತವಾಯಿತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಜ್ಯೋತಿಷಿಗೂ ಹೇಳಿರಲಿಲ್ಲ. ಮೊದಲಿನ ಜ್ಯೋತಿಷಿ "ತಾಯಿಗೆ ಕಂಟಕ" ಎಂದಾಗ ಇವರಿಗೆ ಸಿಕ್ಕಿದ್ದು ಭಯವಲ್ಲ, ಬಿಡುಗಡೆ. ಕೊಂದವನು ಶನಿ, ನಾನಲ್ಲ. ಆ ಬಿಡುಗಡೆಗೆ ಕೊಟ್ಟ ಬೆಲೆ ಏನೆಂದರೆ, ಉಳಿದ ಬದುಕನ್ನೂ ಶನಿಗೇ ಬರೆದುಕೊಟ್ಟಿದ್ದು.

ಈಗ ನನ್ನ ವಿಚಾರವಾದಿ ಗೆಳೆಯರಿಗೆ ಒಂದು ಮಾತು. ನೀವು ಹೇಳುವ ಪ್ರಯೋಗಗಳು ನನಗೂ ಗೊತ್ತು. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಂ ಫೋರರ್ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ವ್ಯಕ್ತಿಚಿತ್ರ ಕೊಟ್ಟ. ಪ್ರತಿಯೊಬ್ಬರಿಗೂ "ಇದು ನಿನ್ನದೇ" ಎಂದ. ಅದರ ಸಾಲುಗಳನ್ನು ಅಂಗಡಿಯಲ್ಲಿ ಸಿಗುವ ಭವಿಷ್ಯದ ಪುಸ್ತಕದಿಂದ ತೆಗೆದಿದ್ದ. ವಿದ್ಯಾರ್ಥಿಗಳು ಅದಕ್ಕೆ 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. ಜನರ ಸ್ವಭಾವ ಅವರ ಸೂರ್ಯರಾಶಿಗೆ (ಹುಟ್ಟಿದಾಗ ಸೂರ್ಯ ಇದ್ದ ರಾಶಿಗೆ) ಹೊಂದುತ್ತದೆ ಎಂದು 1978ರಲ್ಲಿ ಮನೋವಿಜ್ಞಾನಿ ಹಾನ್ಸ್ ಐಸೆಂಕ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಕಂಡಿತ್ತು. ಆಮೇಲೆ ಕೆದಕಿ ನೋಡಿದರೆ, ತಮ್ಮ ರಾಶಿಯ ಗುಣ ಏನೆಂದು ಮೊದಲೇ ಗೊತ್ತಿದ್ದವರಲ್ಲೇ ಆ ಹೊಂದಾಣಿಕೆ. ಅಂದರೆ ಜನ ಓದಿಕೊಂಡ ಜಾತಕಕ್ಕೆ ತಮ್ಮನ್ನು ತಾವೇ ಹೊಂದಿಸಿಕೊಳ್ಳುತ್ತಾರೆ. "ಲಗ್ನದಲ್ಲಿ ಕುಜ" ಎಂದು ಚಿಕ್ಕಂದಿನಿಂದ ಕೇಳಿದವರು ತಮ್ಮ ಕೋಪವನ್ನು ತಡೆಯಲು ನೋಡುವುದೇ ಇಲ್ಲ. ಮನೆಗಳಲ್ಲಿ ಕೂತ ಗ್ರಹಗಳು ಮನಸ್ಸನ್ನು ರೂಪಿಸುತ್ತವೆಯೇ ಎಂದು ಕೇಳಿದರೆ ನನ್ನ ಉತ್ತರ ಇದೇ: ನಂಬಿಕೆಯ ದಾರಿಯಲ್ಲಿ ಬಂದು ರೂಪಿಸುತ್ತವೆ, ಚೆನ್ನಾಗಿಯೇ ರೂಪಿಸುತ್ತವೆ.

ಆದರೆ ಮೊದಲ ದಿನವೇ ಇದನ್ನೆಲ್ಲ ಇವರ ಮುಂದೆ ಇಟ್ಟಿದ್ದರೆ ಏನಾಗುತ್ತಿತ್ತು? ಶನಿ ಹೋಗುತ್ತಿದ್ದ. ಆ ಜಾಗದಲ್ಲಿ "ಅಮ್ಮನನ್ನು ಕೊಂದವರು ನಾನು" ಬಂದು ಕೂರುತ್ತಿತ್ತು. ನಿದ್ದೆಯಿಲ್ಲದ, ಊಟ ಬಿಟ್ಟ ಮನುಷ್ಯರಿಗೆ ಆ ಮಾತು ಅಪಾಯ. ಒಬ್ಬರ ಊರುಗೋಲು ಸರಿಯಿಲ್ಲ ಎಂದು ಕಿತ್ತುಕೊಳ್ಳುವ ಮುಂಚೆ ಅವರ ಕಾಲು ನೋಡಬೇಕು. ಇದು ಮೂಢನಂಬಿಕೆಗೆ ಕೊಡುವ ಕುಮ್ಮಕ್ಕು ಎನ್ನುವವರು ಎನ್ನಲಿ.

ಅವರ ಲೆಕ್ಕದಲ್ಲಿ ಎರಡೇ ಖಾನೆ ಇದ್ದವು. ಒಂದೋ ಗ್ರಹ, ಇಲ್ಲವೇ ನನ್ನ ತಪ್ಪು. ನಾನು ಮಾಡಿದ್ದು ಮೂರನೆಯದೊಂದು ಖಾನೆ ತೆರೆದಿದ್ದು, ಅಷ್ಟೇ. ಎರಡು ಹಾಳೆ ಕೊಟ್ಟೆ. ಒಂದರಲ್ಲಿ, ಫೋನಿನಲ್ಲಿ ಮಾತಾಡಿದ ಆ ಸಂಜೆ ನಿಮಗೆ ಏನು ಗೊತ್ತಿತ್ತು ಎಂದು ಬರೆಯಿರಿ. ಇನ್ನೊಂದರಲ್ಲಿ, ಆಮೇಲೆ ಗೊತ್ತಾಗಿದ್ದನ್ನು ಬರೆಯಿರಿ. ಮೊದಲ ಹಾಳೆಯಲ್ಲಿ ಇದ್ದದ್ದು ಸುಸ್ತು, ಬೆನ್ನು ನೋವು, ವಾಕರಿಕೆ. ಹೆಂಗಸರಲ್ಲಿ ಹೃದಯದ ತೊಂದರೆ ಎಷ್ಟೋ ಸಲ ಎದೆ ಹಿಂಡುವ ನೋವಿಲ್ಲದೆ ಹೀಗೇ ಬರುತ್ತದೆ ಎಂಬುದು ಇದ್ದದ್ದು ಎರಡನೆಯದರಲ್ಲಿ. ಗೊತ್ತಿಲ್ಲದಿರುವುದು ಗ್ರಹವೂ ಅಲ್ಲ, ತಪ್ಪೂ ಅಲ್ಲ.

"ಮುಂದಿನ ವಾರ" ಎಂದ ಮಾತು ಮಾತ್ರ ಯಾವ ಹಾಳೆಯಲ್ಲೂ ಕೂರಲಿಲ್ಲ. ಅದನ್ನು ಅಳಿಸಲು ನಾನು ಹೋಗಲಿಲ್ಲ. ಹೋಗಬಹುದಿತ್ತು, ಹೋಗಲಿಲ್ಲ. ಅದು ಸಂಕಟವಾಗಿ ಉಳಿಯಲಿ, ಆದರೆ ಅಪರಾಧ ಎಂಬ ಹೆಸರಿನಲ್ಲಿ ಬೇಡ ಎಂದೆ. ಆವತ್ತು ಮೊದಲ ಸಲ ತಾಯಿಗಾಗಿ ಅತ್ತರು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದಕ್ಕೆ ನಾನು ಯಾವ ರಿಯಾಯಿತಿಯನ್ನೂ ಕೊಡಲಿಲ್ಲ: ಈ ವಾರವೇ ಮನೋವೈದ್ಯರನ್ನು ನೋಡಿ. ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಊಟ ಕೆಡುವುದು, ಇವು ಎರಡು ವಾರ ಬಿಡದೆ ಇದ್ದರೆ ಖಿನ್ನತೆಯೇ ಎಂದು ಪರೀಕ್ಷಿಸಬೇಕು. ಸಾಯುವ ಯೋಚನೆ ಬಂದರೆ ಎರಡು ವಾರವೂ ಕಾಯಬಾರದು, ಅದೇ ದಿನ ಹೇಳಬೇಕು. ಯಾವ ಗೋಚಾರಕ್ಕೂ, ಅಂದರೆ ಗ್ರಹಗಳ ಯಾವ ಸಂಚಾರಕ್ಕೂ, ಚಿಕಿತ್ಸೆಯನ್ನು ಮುಂದೂಡುವ ಹಕ್ಕಿಲ್ಲ. ಒಳ್ಳೆಯ ಜ್ಯೋತಿಷಿಗಳು ಇದನ್ನು ಒಪ್ಪುತ್ತಾರೆ. ಒಪ್ಪದವರ ಹತ್ತಿರ ಹೋಗಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ.

ಎರಡನೆಯದು: ಜಾತಕವನ್ನು "ಯಾವಾಗ" ಎಂದು ಕೇಳಿ, "ಮಾಡಲೋ ಬೇಡವೋ" ಎಂದು ಕೇಳಬೇಡಿ. ಆ ಹುದ್ದೆ ಬೇಕೋ ಬೇಡವೋ ಎನ್ನುವುದು ನಿಮ್ಮ ತೀರ್ಮಾನ. ಸೇರುವ ದಿನ ಬೇಕಾದರೆ ಪಂಚಾಂಗ ನೋಡಿ ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಎಂಟನೇ ಮನೆಯ ಚಂದ್ರನ ಬಗ್ಗೆ ಅವರು ಮತ್ತೆ ಕೇಳಿದಾಗ, ಮುಚ್ಚಿಟ್ಟದ್ದನ್ನು ಕೆದಕುವ ಮನಸ್ಸು ಎಂದೂ ಕೆಲವರು ಅದನ್ನು ಓದುತ್ತಾರಲ್ಲ, ಈ ಕೆಲವು ತಿಂಗಳು ನೀವು ಮಾಡಿದ್ದೂ ಅದನ್ನೇ ಎಂದೆ. ನಕ್ಕರು.

ಔಷಧಿ ಶುರುವಾಯಿತು. ನಿದ್ದೆ ನಿಧಾನಕ್ಕೆ ಮರಳಿತು. ಚಂದ್ರಾಷ್ಟಮದ ಎಚ್ಚರಿಕೆಯನ್ನು ಆ್ಯಪ್‌ನಲ್ಲಿ ಅವರೇ ನಿಲ್ಲಿಸಿದರು, ವರ್ಷಭವಿಷ್ಯ ಮಾತ್ರ ಈಗಲೂ ಓದುತ್ತಾರೆ. ಹುದ್ದೆ ಇನ್ನೂ ಖಾಲಿ ಇತ್ತು. ಸಾಡೆಸಾತಿ ಮುಗಿಯುವವರೆಗೆ ಕಾಯದೆ ಒಪ್ಪಿಕೊಂಡರು. ಸೇರುವ ದಿನಕ್ಕೆ ಮುಹೂರ್ತ ಕೇಳಿದ್ದು ಶಶ ಯೋಗ ಹೇಳಿದ ಆ ಎರಡನೇ ಜ್ಯೋತಿಷಿಯ ಹತ್ತಿರ.