ಕಟ್ಟೆಯ ಬಳಿ ಒಂದು ನಿಮಿಷ

ಓದುಗರ ಪತ್ರ: “ನಾನು ಶಿವಮೊಗ್ಗದ ಕಡೆಯವಳು, ನಿವೃತ್ತ ಶಿಕ್ಷಕಿ. ಬಸವನಗುಡಿಯಲ್ಲಿರುವ ಮಗನ ಮನೆಗೆ ಬಂದು ಎಂಟು ತಿಂಗಳಾಯಿತು. ಊರು ಸುತ್ತಿ ಕಲೆ ನೋಡಿ, ಹಸಿರು ನೋಡಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇಲ್ಲಿ ಕಲೆ ಬೇಕೆಂದರೆ ಆಟೋ ಹಿಡಿದು ಗ್ಯಾಲರಿಗೆ ಹೋಗಬೇಕು, ಹಸಿರು ಬೇಕೆಂದರೆ ಪಾರ್ಕಿನೊಳಗೆ ಗಾಣದೆತ್ತಿನ ಹಾಗೆ ಸುತ್ತಬೇಕು. ನಡುವಿನ ದಾರಿಯಲ್ಲಿ ಇರುವುದು ಫ್ಲೆಕ್ಸು, ಕಿತ್ತುಹೋದ ಫುಟ್‌ಪಾತು. ನಡೆದು ನೋಡುವಂಥದ್ದು ಏನಿದೆ, ನೀವೇ ಹೇಳಿ.”

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ. ಫುಟ್‌ಪಾತಿನ ವಿಷಯದಲ್ಲಿ ನಿಮ್ಮದು ನೂರಕ್ಕೆ ನೂರು ನಿಜ, ಅದರ ಮೇಲೆ ನನ್ನ ವಾದವಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನಮ್ಮ ಲೇಖನದ ತಪ್ಪೂ ಕಣ್ಣಿಗೆ ಬಿತ್ತು. ಕಲೆಗೊಂದು ಪಟ್ಟಿ, ಉದ್ಯಾನಕ್ಕೊಂದು ಪಟ್ಟಿ ಎಂದು ನಾವೇ ಎರಡನ್ನೂ ಬೇರೆ ಮಾಡಿ ಕೊಟ್ಟಿದ್ದೆವು. ನಮ್ಮ ಊರುಗಳಲ್ಲಿ ಅವು ಎಂದೂ ಬೇರೆ ಇರಲಿಲ್ಲ. ಕೆತ್ತಿದ ಕಲ್ಲು ನಿಲ್ಲುತ್ತಿದ್ದದ್ದೇ ಮರದ ಬುಡದಲ್ಲಿ, ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ. ಸೊಪ್ಪು ಮಾರುವವರು, ದನ ಹೊಡೆದುಕೊಂಡು ಹೋಗುವವರು, ಶಾಲೆ ಮಕ್ಕಳು ಎಲ್ಲರೂ ದಿನಾ ಹಾದುಹೋಗುವ ಜಾಗದಲ್ಲಿ. ಆ ಜಾಗಗಳು ಬೆಂಗಳೂರಿನಲ್ಲಿ ಇನ್ನೂ ಉಳಿದಿವೆ. ಲೇಖನದಲ್ಲಿ ಹೇಳಬೇಕಾಗಿದ್ದ ಮೊದಲ ಮಾತು ಅದು.

ನಾಳೆ ಬೆಳಿಗ್ಗೆ ಹಾಲಿಗೆ ಹೋಗುವಾಗ ನಿಮ್ಮ ಮನೆಗೆ ಹತ್ತಿರದ ಅರಳಿಕಟ್ಟೆಯ ಬಳಿ ಒಂದು ನಿಮಿಷ ನಿಲ್ಲಿ. ಅರಳಿಗೆ ಬೇವು ತಬ್ಬಿಕೊಂಡಿದ್ದರೆ ಅದು ತಾನಾಗಿ ಹುಟ್ಟಿದ ಜೋಡಿಯಲ್ಲ. ಯಾರೋ ನೆಟ್ಟು, ಅರಳಿಗೆ ಮುಂಜಿ ಮಾಡಿ, ಬೇವಿನ ಜೊತೆ ಮದುವೆ ಮಾಡಿಸಿದ್ದು. ಬುಡದಲ್ಲಿ ಸಾಲಾಗಿ ನಾಗರಕಲ್ಲುಗಳಿರುತ್ತವೆ. ಅರಿಶಿನ ಕುಂಕುಮ ಒರಟಾಗಿ ಮೆತ್ತಿ, ಎಣ್ಣೆ ಇಳಿದು ಕಪ್ಪಾಗಿರುವುದರಿಂದ ದೂರಕ್ಕೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ನೋಡಿ. ಒಂದರಲ್ಲಿ ಏಳು ಹೆಡೆ, ಇನ್ನೊಂದರಲ್ಲಿ ಎರಡು ಹಾವು ಹೆಣೆದುಕೊಂಡು ನಡುವಿನ ಸಂದಿನಲ್ಲಿ ಪುಟ್ಟ ಲಿಂಗ. ಮಗದೊಂದರಲ್ಲಿ ಆ ಸಂದಿನಲ್ಲಿ ಕೃಷ್ಣ ಕೊಳಲು ಹಿಡಿದು ನಿಂತಿರುತ್ತಾನೆ. ಕಲ್ಲುಕುಟಿಗನ ಕೈ ಬದಲಾದದ್ದು ಹಾವಿನ ಹೆಣಿಗೆಯಲ್ಲೇ ತಿಳಿಯುತ್ತದೆ. ಕೆಲವು ಬಿಗಿಯಾಗಿ ಹಗ್ಗ ಹೊಸೆದ ಹಾಗಿರುತ್ತವೆ, ಕೆಲವು ಸಡಿಲವಾಗಿ, ಬೇರೆಯೇ ಒಂದು ಲಯದಲ್ಲಿ. ಮಕ್ಕಳಾಗಲೆಂದು ಹರಕೆ ಹೊತ್ತ ಹೆಂಗಸರು ಕೆತ್ತಿಸಿದ ಕಲ್ಲುಗಳಿವು. ಕೆತ್ತಿದ ಮೇಲೆ ತಿಂಗಳುಗಟ್ಟಲೆ ಬಾವಿಯ ನೀರಿನಲ್ಲಿ ಇಟ್ಟು, ಆಮೇಲೆ ತಂದು ಮರದಡಿ ನಿಲ್ಲಿಸುತ್ತಿದ್ದರು. ಎಷ್ಟೋ ಮನೆಗಳ ಹೆಸರಿಲ್ಲದ ಹೆಂಗಸರು ನೆರಳಿನಡಿ ಸಾಲಾಗಿ ನಿಲ್ಲಿಸಿಹೋದ ಶಿಲ್ಪಗಳನ್ನು ನಾವು ಯಾವ ಪಟ್ಟಿಯಲ್ಲೂ ಸೇರಿಸಲಿಲ್ಲ.

ವೀರಗಲ್ಲೂ ಹಾಗೆಯೇ. ನಿಮ್ಮ ಕಡೆ ಊರೂರಿಗೂ ಇವೆ, ನಿಮಗೆ ಹೊಸದಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಬೆಂಗಳೂರಿನ ಮಣ್ಣಿನಲ್ಲೂ ಇವು ಬೇಕಾದಷ್ಟಿವೆ. ಹೆಬ್ಬಾಳದಲ್ಲಿ ಸಿಕ್ಕಿದ ಕಿತ್ತಯ್ಯನ ಕಲ್ಲು ಕ್ರಿ.ಶ. 750ರ ಸುಮಾರಿನದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಕಬ್ಬನ್ ಪಾರ್ಕಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲಂತೂ ನನಗೆ ಎಷ್ಟು ನೋಡಿದರೂ ಸಾಲದು. ಮಂಡ್ಯ ಜಿಲ್ಲೆಯದು, ಕ್ರಿ.ಶ. 950ರ ಹೊತ್ತಿನದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಊರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆಂದೂ ಕಲ್ಲಿನಲ್ಲೇ ಕೆತ್ತಿಸಿದರು. ಕಲಾಕೃತಿ ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ ನೋಡಿ. ದಿನಾ ಅದರ ಕಡೆ ಕಣ್ಣು ಹಾಯಿಸಬೇಕಾದವನು ಯಾರು, ಅವನ ಊಟಕ್ಕೆ ದಾರಿ ಏನು, ತಪ್ಪಿದರೆ ಏನು, ಎಲ್ಲವನ್ನೂ ಬರೆದಿಟ್ಟರು. ಇಂದು ಸರ್ಕಲ್ಲಿನಲ್ಲಿ ಪ್ರತಿಮೆ ನಿಲ್ಲಿಸುವಾಗ ಇದರಲ್ಲಿ ಒಂದು ಸಾಲನ್ನಾದರೂ ಯಾರಾದರೂ ಬರೆಯುತ್ತಾರೆಯೇ?

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ದಿನಾ ಬಸ್ಸಿಗೆ ಕಾಯುತ್ತಿದ್ದ ಸ್ಟಾಪಿನ ಹಿಂದೆ, ಒಂದು ಹೊಂಗೆಮರದ ಕೆಳಗೆ, ಸೊಂಟದೆತ್ತರದ ವೀರಗಲ್ಲಿತ್ತು. ಎದುರಿನ ಹೂವಿನ ಅಂಗಡಿಯಾಕೆ ಬೆಳಿಗ್ಗೆ ಮೊದಲ ಮೊಳ ಅದಕ್ಕೇ ಇಡುತ್ತಿದ್ದರು. ಚರಂಡಿ ಕೆಲಸ ಶುರುವಾಯಿತು. ನಾನು ಒಂದು ವಾರ ಊರಿಗೆ ಹೋಗಿ ಬಂದು ನೋಡಿದರೆ ಮರ ಇರಲಿಲ್ಲ. ಕಲ್ಲು ಚರಂಡಿಯ ಮೇಲೆ ಚಪ್ಪಡಿಯಾಗಿ ಅಂಗಾತ ಮಲಗಿತ್ತು. ಕೆತ್ತನೆ ಮೇಲಕ್ಕಿತ್ತು, ಜನ ತುಳಿದುಕೊಂಡು ಹೋಗುತ್ತಿದ್ದರು. ಕೆಲಸ ಮಾಡಿಸುತ್ತಿದ್ದವರನ್ನು ಕೇಳಿದೆ. “ಗಟ್ಟಿ ಕಲ್ಲು ಸಾರ್, ಲಾರಿ ಹೋದರೂ ತಡೆಯುತ್ತೆ” ಎಂದರು. ಹೂವಿನಾಕೆ, ಇಬ್ಬರು ಆಟೋದವರು, ನಾನು ಸೇರಿ ಹಾರೆ ಹಾಕಿ ಎತ್ತಿ, ಗೋಡೆಗೆ ಒರಗಿಸಿ ನಿಲ್ಲಿಸಿದೆವು. ತುದಿಯಲ್ಲಿ ಸೂರ್ಯ ಇದ್ದ ಮೂಲೆ ಮುರಿದುಹೋಗಿತ್ತು, ಚಂದ್ರ ಮಾತ್ರ ಉಳಿದಿದ್ದ. ಕಲ್ಲು ಈಗಲೂ ಬಿಸಿಲಿನಲ್ಲೇ ನಿಂತಿದೆ. ಮರದ ನೆರಳು ಹೋದ ಮೇಲೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಕಲ್ಲಿಗೂ ಮರಕ್ಕೂ ಇರುವ ನಂಟು ನನಗೆ ಸರಿಯಾಗಿ ಅರ್ಥವಾದದ್ದು ಅಲ್ಲಿ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವಿರುವುದು ಬಸವನಗುಡಿಯಲ್ಲಿ, ಅದು ನಿಮ್ಮ ಪುಣ್ಯ. ಬೆಳಿಗ್ಗೆ ಬೇಗ ಲಾಲ್‌ಬಾಗಿಗೆ ಹೋಗಿ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಬಂಡೆ, ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಕೆಳಗಿಳಿದು ಕೆರೆಯ ಕಡೆಯ ದೊಡ್ಡ ಬಿಳಿಬೂರುಗದ ಮರ ನೋಡದೆ ಬರಬೇಡಿ. ಆಳೆತ್ತರದ ಗೋಡೆಗಳ ಹಾಗೆ ಎದ್ದು ನಿಂತ ಅದರ ಹಲಗೆಬೇರುಗಳನ್ನು ಯಾವ ಶಿಲ್ಪಿಯೂ ಕೆತ್ತಿಲ್ಲ.

ಪಶ್ಚಿಮದ ಗೇಟಿನಿಂದ ಹೊರಬಂದು ವಾಣಿ ವಿಲಾಸ ರಸ್ತೆ ಹಿಡಿಯಿರಿ. ತಲೆಯ ಮೇಲಿನ ಹೂವು ಸುಮ್ಮನೆ ಬಂದದ್ದಲ್ಲ. ಜರ್ಮನಿಯಲ್ಲಿ ಹುಟ್ಟಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಉದ್ಯಾನತಜ್ಞ ಗುಸ್ತಾವ್ ಹರ್ಮನ್ ಕೃಂಬಿಗಲ್, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಬಿಡುವ ಹಾಗೆ ಬೀದಿಮರಗಳನ್ನು ಹೊಂದಿಸುವ ಪದ್ಧತಿ ತಂದರು. ಜನವರಿಯಲ್ಲಿ ಗುಲಾಬಿ ಬಣ್ಣದ ಟಬೆಬುಯಾ, ಅದರ ಹಿಂದೆಯೇ ಹಳದಿ, ಮಾರ್ಚಿನಲ್ಲಿ ಜಕರಂದ, ಹೊಂಗೆ, ಬೇಸಿಗೆ ಏರಿದಾಗ ಗುಲ್‌ಮೊಹರ್, ಕಾರ್ತಿಕದ ಹೊತ್ತಿಗೆ ಆಕಾಶಮಲ್ಲಿಗೆ. ಕೃಂಬಿಗಲ್ ಇದೇ ಊರಿನಲ್ಲಿ 1956ರಲ್ಲಿ ತೀರಿಕೊಂಡರು, ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ಊರಿನ ಬೀದಿಬೀದಿಗೆ ಲಕ್ಷಗಟ್ಟಲೆ ಗಿಡ ನೆಡಿಸಿದರು. ನಿಮ್ಮ ಮನೆಮುಂದಿನ ಮರಕ್ಕೆ ನಲವತ್ತರ ವಯಸ್ಸಿದ್ದರೆ ಅದು ಅವರ ಕಾಲದ್ದೇ ಇರಬಹುದು.

ದಾರಿಯಲ್ಲಿ ಕಾಂಪೌಂಡ್ ಗೋಡೆಗಳ ಮೇಲೆ ಹಂಪಿಯ ರಥವೋ ಯಕ್ಷಗಾನದ ವೇಷವೋ ಮಾಸಿದ್ದು ಕಂಡರೆ ಮುಖ ತಿರುಗಿಸಬೇಡಿ. 2009ರಲ್ಲಿ ಪಾಲಿಕೆ ಈ ಗೋಡೆಚಿತ್ರಗಳ ಕೆಲಸ ಶುರುಮಾಡಿದಾಗ ಬರೆದವರಲ್ಲಿ ಅನೇಕರು ಸಿನಿಮಾ ಬ್ಯಾನರ್ ಕಲಾವಿದರು. ಥಿಯೇಟರಿನ ಮುಂದೆ ಮೂರಾಳೆತ್ತರದ ನಾಯಕನನ್ನು ಕೈಯಲ್ಲೇ ಬರೆಯುತ್ತಿದ್ದವರ ಅನ್ನವನ್ನು ಫ್ಲೆಕ್ಸು ಕಿತ್ತುಕೊಂಡಿತ್ತು. ನಿಮ್ಮನ್ನು ಕಾಡುತ್ತಿರುವುದೂ ಅದೇ ಫ್ಲೆಕ್ಸು.

ಗಾಂಧಿ ಬಜಾರಿನಲ್ಲಿ ಕಾಫಿ ಕುಡಿದು ಕಹಳೆ ಬಂಡೆಗೆ, ಎಲ್ಲರೂ ಬ್ಯೂಗಲ್ ರಾಕ್ ಎನ್ನುವ ಜಾಗಕ್ಕೆ, ಹೋಗಿ. ಡಿ.ವಿ.ಜಿ. ಪ್ರತಿಮೆ ಅಲ್ಲಿದೆ. ನೀರಿನ ಟ್ಯಾಂಕಿನ ಹೊರಗೋಡೆಯ ಮೇಲೆ ನಮ್ಮ ಸಾಹಿತಿಗಳ ಮುಖಗಳನ್ನು ಮೊಸಾಯಿಕ್ಕಿನಲ್ಲಿ ಮಾಡಿದ್ದಾರೆ. ನೀವು ಪಾಠ ಹೇಳಿದ ಪದ್ಯಗಳ ಕವಿಗಳು ಸಿಗಬಹುದು. ಪಕ್ಕದಲ್ಲೇ ದೊಡ್ಡ ಬಸವಣ್ಣ, ಒಂದೇ ಕಲ್ಲಿನದು, ಎತ್ತರ ಸುಮಾರು 15 ಅಡಿ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ರಸ್ತೆ ತುಂಬ ಕಾಯಿ ರಾಶಿ ಬಿದ್ದಾಗ ಮೊಮ್ಮಕ್ಕಳನ್ನೂ ಕರೆದುಕೊಂಡು ಬನ್ನಿ. ಆದರೆ ಶಿಲ್ಪವನ್ನು ನಿಧಾನವಾಗಿ ನೋಡಬೇಕೆಂದರೆ ಜನವಿಲ್ಲದ ಬೆಳಗೇ ಸರಿ.

ಒಂದು ಕೋರಿಕೆ ಮೇಡಂ. ನಿಮ್ಮ ಸುತ್ತಮುತ್ತಲಿನ ಕಟ್ಟೆಗಳ ಪಟ್ಟಿಯನ್ನು ನೀವೇ ಮಾಡಿಕೊಡಿ. ಯಾವ ಮರ, ಎಷ್ಟು ಕಲ್ಲು, ಮರದ ಬುಡಕ್ಕೆ ಉಸಿರಾಡಲು ಮಣ್ಣು ಬಿಟ್ಟಿದ್ದಾರೋ ಕಾಂಕ್ರೀಟು ಸುರಿದು ಟೈಲ್ಸ್ ಹಾಕಿದ್ದಾರೋ, ಕಲ್ಲಿಗೆ ಆಯಿಲ್ ಪೇಂಟ್ ಬಳಿದಿದ್ದಾರೋ, ಇಷ್ಟು ಬರೆದರೆ ಸಾಕು. ಯಾವುದಾದರೂ ಕಲ್ಲಿನ ಮೇಲೆ ಅಕ್ಷರವಿದ್ದಂತೆ ಕಂಡರೆ ಉಜ್ಜಬೇಡಿ, ಸುಣ್ಣ ಸವರಬೇಡಿ. ಬೆಳಗಿನ ಏಳು ಗಂಟೆಯ ಓರೆಬಿಸಿಲು ಪಕ್ಕದಿಂದ ಬೀಳುವಾಗ ಒಂದು ಫೋಟೊ ತೆಗೆಯಿರಿ. ನಡುಹಗಲು ಕಾಣದ ಗೆರೆಗಳು ಆಗ ನೆರಳು ಹಿಡಿದು ಎದ್ದು ಕಾಣುತ್ತವೆ. ಕಚೇರಿಗೆ ಕಳಿಸಿಕೊಡಿ. ಶಾಸನ ಓದಬಲ್ಲವರಿಗೆ ತೋರಿಸುವ ಜವಾಬ್ದಾರಿ ನನ್ನದು.